ಉಣ್ಣುವ ಬಾಯಿ, ನುಡಿಯುವ ಬಾಯಿ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಕೇಳಿದವರೇ. ಹಿರಿಯರು ಊಟವನ್ನೂ ಮಾತನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಸುಮ್ಮನೆ ಅಲ್ಲ. ಎರಡಕ್ಕೂ ಬೇಕಾದದ್ದು ಅದೇ ತುಟಿ, ಅದೇ ನಾಲಿಗೆ, ಅದೇ ಅಂಗುಳ, ಅದೇ ಗಂಟಲು. ದೊಡ್ಡವರಿಗೆ ಇವು ತಾವಾಗಿಯೇ ನಡೆಯುವ ಕೆಲಸಗಳು. ಕೂಸಿಗೆ ಮಾತ್ರ ಎರಡೂ ಕಲಿಯಬೇಕಾದ ವಿದ್ಯೆ. ಚೀಪುವುದು, ನುಂಗುವುದು, ಅಗಿಯುವುದು ಒಂದು ಕಡೆ. ಕೇಳುವುದು, ತಿಳಿಯುವುದು, ನುಡಿಯುವುದು ಇನ್ನೊಂದು ಕಡೆ. ಹೆಚ್ಚಿನ ಮಕ್ಕಳು ಇದನ್ನೆಲ್ಲ ನಮ್ಮ ತೊಡೆಯ ಮೇಲೇ ಕಲಿತುಬಿಡುತ್ತವೆ. ಕೆಲವು ಮಕ್ಕಳಿಗೆ ಕಲಿಸುವವರ ಸಹಾಯ ಬೇಕಾಗುತ್ತದೆ.

ನಮ್ಮ ಕಡೆ, ಅಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಓಣಿಗಳಲ್ಲಿ, ಎರಡು ವರ್ಷ ತುಂಬಿದ ಕೂಸು ಇನ್ನೂ 'ಅವ್ವಾ' ಅನ್ನಲಿಲ್ಲವೆಂದರೆ ನೆರೆಯವರು ಏನು ಹೇಳುತ್ತಾರೆ? "ಗಂಡು ಹುಡುಗರು ತಡಾ ಮಾಡೇ ಮಾತಾಡ್ತಾವ, ಬಿಡವಾ." "ಅವರಪ್ಪಗೂ ಹಿಂಗ ಆಗಿತ್ತ, ಸಾಲಿಗೆ ಹೋದಮ್ಯಾಲೆ ಬಾಯಿ ಬಿಟ್ಟ." "ಬನಶಂಕರಿಗೆ ಹರಕಿ ಹೊರು, ಎಲ್ಲಾ ಸರಿ ಆಕ್ಕೈತಿ." ಹೇಳುವವರದು ಕೆಟ್ಟ ಮನಸ್ಸಲ್ಲ. ತಾಯಿಗೆ ಧೈರ್ಯ ಬರಲಿ ಎಂದೇ ಹೇಳುತ್ತಾರೆ. ಆದರೆ ಈ ಸಮಾಧಾನದ ಮಾತುಗಳಲ್ಲೇ ಒಂದು ವರ್ಷ, ಎರಡು ವರ್ಷ ಜಾರಿಹೋಗುತ್ತದೆ. ಹರಕೆ ಹೊರಬೇಡಿ ಎನ್ನುವವಳು ನಾನಲ್ಲ. ಹರಕೆಯ ಜೊತೆಗೆ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಿ ಎನ್ನುವುದಷ್ಟೇ ನನ್ನ ಮಾತು.

ಏಕೆಂದರೆ ಮಿದುಳು ಮಾತನ್ನು ಕಲಿಯಲು ಹದವಾಗಿರುವ ಕಾಲ ಮೊದಲ ಮೂರು ವರ್ಷ. ಹಿಂಗಾರಿ ಜೋಳ ಬಿತ್ತುವವರ ಮನೆಯಲ್ಲಿ ಹುಟ್ಟಿದ ನಮಗೆ ಹದ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬೀಜ ಅದೇ, ಹೊಲ ಅದೇ. ಹದ ತಪ್ಪಿದರೆ ಬೆಳೆ ಬೇರೆ. ಮೂರು ವರ್ಷದ ನಂತರ ಏನೂ ಆಗದು ಎಂದಲ್ಲ. ಆಗ ದುಡಿಮೆ ಹೆಚ್ಚು, ಫಲ ನಿಧಾನ.

ಎಷ್ಟಕ್ಕೆ ಏನು ಬರಬೇಕು?

ಪ್ರತಿ ಕೂಸೂ ಒಂದೇ ದಿನ ನಡೆಯುವುದಿಲ್ಲ, ಒಂದೇ ದಿನ ಮಾತಾಡುವುದಿಲ್ಲ. ಆದರೂ ಒಂದು ಅಳತೆಗೋಲು ಇದೆ. ಇದನ್ನು ಕತ್ತರಿಸಿ ದೇವರ ಕೋಣೆಯ ಬಾಗಿಲಿಗೋ ಕಪಾಟಿಗೋ ಅಂಟಿಸಿಕೊಳ್ಳಿ.

ಎರಡು–ಮೂರು ತಿಂಗಳು: ನಿಮ್ಮ ಮುಖ ನೋಡಿ ನಗುವುದು, 'ಊ', 'ಆ' ಎಂದು ದನಿ ತೆಗೆಯುವುದು, ದೊಡ್ಡ ಸಪ್ಪಳಕ್ಕೆ ಬೆಚ್ಚುವುದು.

ಆರರಿಂದ ಒಂಬತ್ತು ತಿಂಗಳು: 'ಬಬಬ', 'ದದದ' ಎನ್ನುವುದು, ದನಿ ಬಂದ ಕಡೆ ಕತ್ತು ತಿರುಗಿಸುವುದು.

ಒಂದು ವರ್ಷ: ಹೆಸರು ಹಿಡಿದು ಕರೆದರೆ ನೋಡುವುದು, ಟಾಟಾ ಮಾಡುವುದು, 'ಅವ್ವ', 'ಅಪ್ಪ' ಎನ್ನಲು ತೊಡಗುವುದು.

ಒಂದೂವರೆ ವರ್ಷ: ಬೆರಳೆಣಿಕೆಯ ಕೆಲವು ಮಾತು, ಬೇಕಾದದ್ದನ್ನು ಬೆರಳು ಮಾಡಿ ತೋರಿಸುವುದು, 'ಚೆಂಡು ತಾ' ಎಂದರೆ ಕೈಸನ್ನೆಯಿಲ್ಲದೆ ತಿಳಿದುಕೊಳ್ಳುವುದು.

ಎರಡು ವರ್ಷ: ಸುಮಾರು ೫೦ ಮಾತು, ಎರಡನ್ನು ಜೋಡಿಸಿ 'ಅವ್ವಾ ಬಾ', 'ಹಾಲ ಬ್ಯಾಡ' ಎನ್ನುವುದು.

ಮೂರು ವರ್ಷ: ಮೂರು–ನಾಲ್ಕು ಪದಗಳ ವಾಕ್ಯ, ಮನೆಗೆ ಬಂದ ಹೊರಗಿನವರಿಗೂ ಬಹುಪಾಲು ತಿಳಿಯುವಂತೆ ಮಾತಾಡುವುದು.

ಮೂರು ವರ್ಷದ ಕೂಸು 'ರೊಟ್ಟಿ'ಗೆ 'ಲೊಟ್ಟಿ' ಎಂದರೆ ಚಿಂತೆ ಬೇಡ. ರಕಾರದಂಥ ಕಷ್ಟದ ಅಕ್ಷರಗಳು ತಡವಾಗಿ ಕೂಡುತ್ತವೆ. ಒಂದನೇ ಇಯತ್ತೆಗೆ ಹೋಗುವ ಹೊತ್ತಿಗೂ ಹಾಗೇ ಉಳಿದರೆ ತೋರಿಸಬೇಕು. ಕನ್ನಡದ ಅಕ್ಷರಗಳನ್ನು ಮಗು ಎಷ್ಟು ಸರಿಯಾಗಿ ಉಚ್ಚರಿಸುತ್ತದೆ ಎಂದು ಅಳೆಯುವ ಕನ್ನಡದ್ದೇ ಪರೀಕ್ಷೆಯೊಂದು ೧೯೭೨ರಷ್ಟು ಹಿಂದೆಯೇ ಸಿದ್ಧವಾಗಿದೆ. ಇಂಗ್ಲಿಷಿನ ಅಳತೆಯಲ್ಲಿ ನಮ್ಮ ಮಕ್ಕಳನ್ನು ಅಳೆಯಬೇಕಾಗಿಲ್ಲ.

ಇನ್ನು ಕಾಯಲೇಬಾರದ ಲಕ್ಷಣಗಳು ಹೀಗಿವೆ: ಒಂದು ವರ್ಷವಾದರೂ ಹೆಸರಿಗೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಬಂದ ಮಾತು ಹೋಗಿಬಿಡುವುದು. ಯಾವ ವಯಸ್ಸಿನಲ್ಲಾದರೂ ಸರಿ, ಇದ್ದ ಮಾತು ನಿಂತಿತೆಂದರೆ ಆ ವಾರವೇ ವೈದ್ಯರ ಬಳಿ ಹೋಗಿ.

ಮೊದಲು ಕಿವಿ, ಆಮೇಲೆ ಬಾಯಿ

ಮಾತು ಬಾರದ ಕೂಸಿನ ನಾಲಿಗೆಯನ್ನು ಎಲ್ಲರೂ ನೋಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಕಿವಿಯನ್ನು. ಕೇಳದ ಮಾತನ್ನು ಯಾರು ತಾನೇ ಕಲಿತಾರು?

ಇಳಕಲ್ಲಿನ ನೇಕಾರರ ಮನೆಯೊಂದರ ಹುಡುಗಿಯ ಸಂಗತಿ ಹೇಳುತ್ತೇನೆ. ಮೂರು ವರ್ಷವಾದರೂ ಮಾತಿಲ್ಲ. ಕರೆದರೆ ಬರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ. ಮನೆಯವರೆಲ್ಲ ಕೂಡಿ ಅವಳಿಗೆ 'ಹಟಮಾರಿ' ಎಂಬ ಹೆಸರಿಟ್ಟಿದ್ದರು. ಕಿವಿ ಚೆಂದ ಐತಿ ಎನ್ನುವುದಕ್ಕೆ ಅಜ್ಜಿಯ ಬಳಿ ಸಾಕ್ಷಿಯೂ ಇತ್ತು: "ಬಾಗಲಾ ಧಡ್ ಅಂದ್ರ ತಿರುಗಿ ನೋಡ್ತೈತಿ, ಮಗ್ಗ ನಿಂತ್ರ ಗೊತ್ತಾಗತೈತಿ." ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ದೊಡ್ಡ ಕೊರತೆ ಇರುವುದು ತಿಳಿಯಿತು. ಬಾಗಿಲ ಸಪ್ಪಳ ಅವಳಿಗೆ ಮುಟ್ಟುತ್ತಿತ್ತು. ತಾಯಿಯ ಮಾತು ಮುಟ್ಟುತ್ತಿರಲಿಲ್ಲ. ಮಗ್ಗದ ಅದುರು ಅವಳಿಗೆ ತಿಳಿಯುತ್ತಿದ್ದುದು ಕಿವಿಯಿಂದಲ್ಲ, ನೆಲದ ಮೇಲಿದ್ದ ಪಾದಗಳಿಂದ. ಶ್ರವಣಯಂತ್ರ ಹಾಕಿ ತಿಂಗಳುಗಟ್ಟಲೆ ಕಲಿಸಿದ ಮೇಲೆ ಹುಡುಗಿ ಈಗ ಬೇಕಾದ್ದನ್ನು ಬಾಯಿಬಿಟ್ಟು ಕೇಳುತ್ತಾಳೆ. ಓರಗೆಯವರಷ್ಟು ಇನ್ನೂ ಬಂದಿಲ್ಲ. ಆ ತಾಯಿ ಅನ್ನುವುದು ಒಂದೇ ಮಾತು: "ಹಟಮಾರಿ ಅಂತ ಎಷ್ಟ್ ಸಲ ಬಡದೇನ್ರಿ ಅಕ್ಕಾ, ಅದಕ್ಕ ಕೇಳಸ್ತಿದ್ದಿಲ್ಲ."

ಆದ್ದರಿಂದ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ 'ಕಿವಿ ಕೇಳಸ್ತೈತಿ' ಎಂದು ತೀರ್ಮಾನ ಮಾಡಬೇಡಿ. ನಿಮ್ಮ ನೆರಳನ್ನೋ ಗಾಳಿಯನ್ನೋ ಗಮನಿಸಿ ಕೂಸು ತಿರುಗಿರಬಹುದು. ಹುಟ್ಟಿದ ಕೂಸಿನ ಕಿವಿಯನ್ನೂ ಪರೀಕ್ಷಿಸುವ ಸಣ್ಣ ಯಂತ್ರ ಈಗ ಇದೆ. ಕೂಸು ಮಲಗಿದ್ದಾಗಲೇ ಕಿವಿಗೆ ಮೆತ್ತನೆಯ ತುದಿಯಿಟ್ಟು ಕೆಲವು ನಿಮಿಷಗಳಲ್ಲಿ ಮುಗಿಸುತ್ತಾರೆ, ನೋವಿಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಕೊರತೆ ಕಂಡರೆ ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ತಜ್ಞರು ಒಪ್ಪಿದ ಲೆಕ್ಕ ಇದು.

ತಿಂಗಳು ತುಂಬದೆ ಹುಟ್ಟಿದ, ತೀರಾ ಕಡಿಮೆ ತೂಕದ, ಹುಟ್ಟಿದಾಗ ಅಳದ, ಕಾಮಾಲೆ ಬಹಳ ಏರಿದ, ಮಿದುಳುಜ್ವರ ಬಂದ ಮಕ್ಕಳಿಗೆ ಈ ಪರೀಕ್ಷೆ ತಪ್ಪಿಸಲೇಬಾರದು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಟ್ಟು ತರುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆ ಹುಟ್ಟುಕಿವುಡಿನ ಸಂಭವ ಹೆಚ್ಚು. ಮದುವೆ ಆಗಿಹೋಗಿದ್ದರೆ ಯಾರನ್ನೂ ದೂರುವುದು ಬೇಡ. ಕೂಸಿನ ಕಿವಿ ತೋರಿಸುವುದನ್ನು ಮರೆಯುವುದೂ ಬೇಡ.

ಕಿವಿ ಸೋರುವುದನ್ನು 'ಹಲ್ಲು ಬರೂ ಕಾಲಕ್ಕ ಹಂಗ' ಎಂದು ಬಿಡಬೇಡಿ. ಪದೇಪದೇ ಸೋರುವ ಕಿವಿ ಮಂದವಾಗುತ್ತದೆ. ಅದಕ್ಕೆ ಬೆಳ್ಳುಳ್ಳಿ ಎಣ್ಣೆ ಹಾಕಿದರೆ ಸೋಂಕು ಇನ್ನೂ ಬಲಿಯಬಹುದು.

ನಾಲಿಗೆಗೆ ಬಜೆ ಬೇಡ

ನಾಲಿಗೆ ತಿರುಗಲಿ ಎಂದು ಬಜೆ ತೇಯ್ದು ತಿಕ್ಕುವ, ಜೇನು ನೆಕ್ಕಿಸುವ ಪದ್ಧತಿ ಮನೆಮನೆಯಲ್ಲಿದೆ. ಬಜೆಯಿಂದ ಮಾತು ಬರುವುದಿಲ್ಲ. ಎಳೆಕೂಸಿಗೆ ವಾಂತಿಯಾಗಬಹುದು, ತೇಯುವ ಕಲ್ಲು ಸ್ವಚ್ಛವಿಲ್ಲದಿದ್ದರೆ ಭೇದಿಯೂ ಹತ್ತಬಹುದು. ಜೇನುತುಪ್ಪವನ್ನು ಒಂದು ವರ್ಷದೊಳಗೆ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಜಾತಿಯ ಸೂಕ್ಷ್ಮಜೀವಿ ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ.

'ನಾಲಿಗಿ ಅಂಟೇತಿ, ಕೊಯ್ಸಿದ್ರ ಮಾತ ಬರತಾವ' ಎನ್ನುವ ಮಾತೂ ಇದೆ. ನಾಲಿಗೆಯ ಕೆಳಗಿನ ಪೊರೆ ಗಿಡ್ಡಾಗಿದ್ದರೆ ಕೆಲವು ಕೂಸುಗಳಿಗೆ ಮೊಲೆ ಚೀಪಲು ತೊಂದರೆಯಾಗಬಹುದು. ಆದರೆ ಮಾತೇ ಬಾರದಿರುವುದಕ್ಕೆ ಅದು ಕಾರಣವಾಗುವುದು ಬಹಳ ಅಪರೂಪ. ಕತ್ತರಿ ಹಾಕಿಸುವ ಮೊದಲು ಕಿವಿಯ ಪರೀಕ್ಷೆ ಮಾಡಿಸಿ.

ಸೀಳುತುಟಿ ಇರುವ ಕೂಸು ಹುಟ್ಟಿದರೆ 'ಗ್ರಹಣದಾಗ ಕಾಯಿಪಲ್ಲೆ ಹೆಚ್ಚಿದ್ದಳು' ಎಂದು ಬಾಣಂತಿಯನ್ನು ಹಂಗಿಸುವುದು ಅನ್ಯಾಯ. ತುಟಿ ಮತ್ತು ಅಂಗುಳದ ಎರಡು ಅಂಚುಗಳು ಬಸಿರಿನ ಮೊದಲ ಮೂರು ತಿಂಗಳಲ್ಲೇ ಕೂಡಿಕೊಳ್ಳಬೇಕು. ಅವು ಕೂಡದೆ ಉಳಿದಾಗ ಹೀಗಾಗುತ್ತದೆ. ಅದಕ್ಕೂ ಈಳಿಗೆಗೂ ಸಂಬಂಧವಿಲ್ಲ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದನ್ನು ಒಂಬತ್ತರಿಂದ ಹದಿನೆಂಟು ತಿಂಗಳಲ್ಲಿ ಮಾಡುತ್ತಾರೆ. ಮಾತು ಕೂಡುವ ಮೊದಲೇ ಅಂಗುಳ ಮುಚ್ಚಿದರೆ ಮೂಗಿನಿಂದ ಮಾತಾಡುವುದು ಕಡಿಮೆಯಾಗುತ್ತದೆ.

ಉಣಿಸುವುದೂ ಒಂದು ಪಾಠ

ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆರು ತುಂಬಿದ ಮೇಲೆ ಮೆತ್ತನೆಯ ಆಹಾರ, ಜೊತೆಗೆ ಎರಡು ವರ್ಷದವರೆಗೆ ಎದೆಹಾಲು. ಇದು ಎಲ್ಲರಿಗೂ ಗೊತ್ತು. ಹೆಚ್ಚು ಜನ ಮರೆಯುವುದು ಇದರ ಮುಂದಿನ ಹೆಜ್ಜೆಯನ್ನು. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ್ದನ್ನೇ ಎರಡು ವರ್ಷದವರೆಗೂ ಕೊಡುತ್ತಾರೆ. ಆಮೇಲೆ 'ಕೂಸು ಅನ್ನದ ಅಗಳು ಕಂಡ್ರ ಓಕರಿಸ್ತೈತಿ' ಎಂದು ಅಳುತ್ತಾರೆ. ಅಗಿಯುವುದನ್ನು ಕಲಿಸಿದರೆ ತಾನೇ ಬರುವುದು!

ಹೆಜ್ಜೆಗಳು ಹೀಗಿರಲಿ. ಆರು–ಎಂಟು ತಿಂಗಳಲ್ಲಿ ಹಿಚುಕಿದ ಗಂಜಿ, ದಿನಕ್ಕೆ ಎರಡು–ಮೂರು ಸಲ. ಎಂಟು–ಹತ್ತು ತಿಂಗಳಲ್ಲಿ ತರಿತರಿಯಾದ ನುಚ್ಚು–ಮೊಸರು, ಕಿವುಚಿದ ಹುಗ್ಗಿ, ಜೊತೆಗೆ ಕೂಸಿನ ಕೈಗೆ ಬೆಂದ ಗಜ್ಜರಿಯ ಮೆತ್ತನೆಯ ತುಂಡು, ಬಾಳೆಹಣ್ಣು. ಹತ್ತರಿಂದ ಹನ್ನೆರಡು ತಿಂಗಳಲ್ಲಿ ಹಾಲಿನಲ್ಲೋ ಬೇಳೆಕಟ್ಟಿನಲ್ಲೋ ನೆನೆಸಿದ ರೊಟ್ಟಿ. ವರ್ಷ ತುಂಬಿದ ಮೇಲೆ ಮನೆಯ ಅಡಿಗೆಯೇ, ಖಾರ ಬಿಟ್ಟು. ಕೈಯೆಲ್ಲ ಬಳಿದುಕೊಂಡರೆ ಬಳಿದುಕೊಳ್ಳಲಿ. ತಾನೇ ತಿನ್ನುವ ಕೂಸಿನ ತುಟಿ, ನಾಲಿಗೆ, ದವಡೆ ಚುರುಕಾಗುತ್ತವೆ.

ಮೊದಲ ಊಟಕ್ಕೆ ನಮ್ಮ ಜೋಳವೇ ಸಾಕು. ವಿಧಾನ ಇಲ್ಲಿದೆ.

ಜೋಳದ ನುಚ್ಚಿನ ಗಂಜಿ: ಬಿಳಿಜೋಳದ ಸಣ್ಣ ನುಚ್ಚು ಎರಡು ಚಮಚ, ಹುರಿದ ಹೆಸರುಬೇಳೆ ಒಂದು ಚಮಚ, ಗಜ್ಜರಿ ಅಥವಾ ಕುಂಬಳಕಾಯಿಯ ಒಂದು ಸಣ್ಣ ಹೋಳು, ನೀರು ಒಂದೂವರೆ ಬಟ್ಟಲು. ನುಚ್ಚು–ಬೇಳೆ ತೊಳೆದು ಅರ್ಧ ಗಂಟೆ ನೆನೆಸಿ, ಹೋಳು ಹಾಕಿ ಕುಕ್ಕರಿನಲ್ಲಿ ಐದು ಸೀಟಿ ಕೂಗಿಸಿ. ಸೌಟಿನ ಬೆನ್ನಿನಿಂದ ಚೆನ್ನಾಗಿ ಹಿಚುಕಿ, ಅರ್ಧ ಚಮಚ ತುಪ್ಪ ಬೆರೆಸಿ. ವರ್ಷದೊಳಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಹದ ತಿಳಿಯಲು ಚಮಚ ಓರೆ ಮಾಡಿ ನೋಡಿ: ನೀರಿನಂತೆ ಸುರಿಯಬಾರದು, ಮುದ್ದೆಯಂತೆ ಅಂಟಿಕೊಳ್ಳಲೂ ಬಾರದು, ನಿಧಾನಕ್ಕೆ ಜಾರಿ ಬೀಳಬೇಕು. ಎರಡು ಚಮಚದಿಂದ ಶುರು ಮಾಡಿ ಅರ್ಧ ಬಟ್ಟಲಿನವರೆಗೆ ಏರಿಸಿ.

ಶೇಂಗಾ, ಪುಟಾಣಿ, ಇಡೀ ದ್ರಾಕ್ಷಿ ಇವನ್ನು ನಾಲ್ಕು ವರ್ಷದೊಳಗೆ ಹಾಗೇ ಕೈಗೆ ಕೊಡಬೇಡಿ. ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ಪುಡಿ ಮಾಡಿ ಕೊಡಿ.

ನುಂಗಲು ಕಷ್ಟಪಡುವ ಮಕ್ಕಳಿಗೆ

ಹುಟ್ಟಿದಾಗ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾದ ಕೆಲವು ಮಕ್ಕಳ ಕತ್ತು ನಿಲ್ಲುವುದಿಲ್ಲ, ಮೈ ಬಿಗಿಯಾಗಿರುತ್ತದೆ, ಜೊಲ್ಲು ಸುರಿಯುತ್ತದೆ. ಅವರಿಗೆ ಒಂದು ತುತ್ತು ಉಣಿಸುವುದೂ ತಾಯಿಗೆ ಯುದ್ಧ. ಅಂಥ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಹಾಲು ಹೊಯ್ಯುವುದು ಬಹಳ ಅಪಾಯ. ಒಳಲೆಯಲ್ಲಿ ಹೊಯ್ದ ಹಾಲು ಗಂಟಲಿಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಪದೇಪದೇ ನ್ಯುಮೋನಿಯಾ ಆಗುವುದಕ್ಕೆ ಇದೂ ಒಂದು ಕಾರಣ.

ಕೂಸನ್ನು ಆದಷ್ಟು ನೆಟ್ಟಗೆ ಕೂಡಿಸಿ. ಬೆನ್ನು, ಕತ್ತಿಗೆ ಆಸರೆ ಇರಲಿ. ತಲೆ ಹಿಂದಕ್ಕೆ ವಾಲಬಾರದು. ಗದ್ದ ತುಸು ಎದೆಯ ಕಡೆಗಿರಲಿ. ನೀವು ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂಡಿ. ಚಪ್ಪಟೆ ಚಮಚದ ತುದಿಯಲ್ಲಿ ಸ್ವಲ್ಪ ಹಾಕಿ, ನಾಲಿಗೆಯ ಮೇಲೆ ಇಟ್ಟು, ತುಟಿ ಮುಚ್ಚುವವರೆಗೆ ಕಾಯಿರಿ. ನುಂಗಿದ್ದು ಖಚಿತವಾದ ಮೇಲೆ ಮುಂದಿನ ತುತ್ತು. ಮೂಗು ಹಿಡಿದು ಬಾಯಿ ತೆರೆಸುವುದಂತೂ ಬೇಡವೇ ಬೇಡ. ಅಂಗುಳ ಸೀಳಿರುವ ಕೂಸಿಗೂ ನೆಟ್ಟಗೆ ಹಿಡಿದೇ ಹಾಲು ಕುಡಿಸಬೇಕು, ನಡುನಡುವೆ ತೇಗು ಬರಿಸಬೇಕು.

ಪ್ರತಿ ಸಲ ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ಗೊರಗೊರ, ತುಟಿ ನೀಲಿಯಾಗುವುದು, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಬಹಳ ಹೆಚ್ಚು ಹಿಡಿಯುವುದು, ತೂಕ ಏರದಿರುವುದು. ಇವುಗಳಲ್ಲಿ ಒಂದಿದ್ದರೂ ತಜ್ಞರಿಗೆ ತೋರಿಸಿ. ವಾಕ್ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್ ಎನ್ನುತ್ತೇವಲ್ಲ, ಅವರು ಕಲಿಸುವುದು ಮಾತನ್ನಷ್ಟೇ ಅಲ್ಲ. ನುಂಗುವುದನ್ನೂ ಅಗಿಯುವುದನ್ನೂ ಕಲಿಸುವವರು ಅವರೇ. ಇದು ಬಹಳ ಜನರಿಗೆ ತಿಳಿಯದು.

ಅಡಿಗೆಮನೆಯಲ್ಲೇ ಮಾತಿನ ಶಾಲೆ

ಚಿಕಿತ್ಸಕರು ವಾರಕ್ಕೆ ಒಂದೋ ಎರಡೋ ತಾಸು ಸಿಗಬಹುದು. ಉಳಿದ ಹೊತ್ತೆಲ್ಲ ಕೂಸು ನಮ್ಮ ಕೈಯಲ್ಲೇ. ಇದಕ್ಕೆ ಬೆಲೆಬಾಳುವ ಆಟಿಗೆ ಬೇಡ. ರೊಟ್ಟಿ ಬಡಿಯುವಾಗ ಒಂದು ಸಣ್ಣ ಹಿಟ್ಟಿನುಂಡಿ ಅದರ ಕೈಗೆ ಕೊಡಿ. 'ರೊಟ್ಟಿ ಬಡಿಯೂಣು... ಟಪ್ ಟಪ್... ದೊಡ್ಡ ರೊಟ್ಟಿ... ಒಲಿ ಬಿಸಿ' ಎನ್ನುತ್ತ ಮಾಡುವ ಕೆಲಸಕ್ಕೆ ಮಾತು ಕೂಡಿಸಿ. ಇಳಕಲ್ಲಿನ ಮನೆಗಳಲ್ಲಿ ನೂಲಿನ ಬಣ್ಣಗಳೇ ಪಾಠ: ಕೆಂಪು, ಹಸಿರು, ಹಳದಿ. ಮಗ್ಗ ನಡೆಯುವಾಗ ಮಾತ್ರ ದೂರದಿಂದ ಕೂಗಬೇಡಿ. ಸಪ್ಪಳ ನಿಂತಾಗ ಹತ್ತಿರ ಬಂದು, ಮುಖ ಕಾಣುವಂತೆ ಕುಳಿತು ಮಾತಾಡಿ.

ಒಂದು ಮಾತು ಸೇರಿಸಿ ಹೇಳುವುದು ಒಳ್ಳೆಯ ಉಪಾಯ. ಕೂಸು 'ನೀರ' ಎಂದರೆ 'ನೀರ ಬೇಕಾ? ತಣ್ಣೀರ ಬೇಕು' ಎನ್ನಿ. 'ಲೊಟ್ಟಿ' ಎಂದರೆ ನಗಬೇಡಿ, ಬಯ್ಯಬೇಡಿ. 'ಹೌದು, ರೊಟ್ಟಿ, ಬಿಸಿ ರೊಟ್ಟಿ' ಎಂದು ಸರಿಯಾದದ್ದು ಕಿವಿಗೆ ಬೀಳುವಂತೆ ಮಾಡಿ.

ಕಾಯುವುದು ಇನ್ನೊಂದು ಉಪಾಯ. ಎಲ್ಲವನ್ನೂ ಕೇಳುವ ಮೊದಲೇ ತಂದುಕೊಟ್ಟರೆ ಕೂಸಿಗೆ ಬಾಯಿ ತೆರೆಯುವ ಅಗತ್ಯವೇ ಇಲ್ಲ. ಎರಡು ಕೈಯಲ್ಲಿ ಎರಡು ಹಿಡಿದು 'ಬಾಳೆಹಣ್ಣೋ, ಬಿಸ್ಕೀಟೋ?' ಎಂದು ಕೇಳಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಮಾತೇ ಬೇಕೆಂದಿಲ್ಲ, ಬೆರಳು ತೋರಿಸಿದರೂ, ಒಂದು ದನಿ ತೆಗೆದರೂ ಅದು ಉತ್ತರವೇ. ಆದರೆ ನಾಲ್ಕು ಜನರೆದುರು ನಿಲ್ಲಿಸಿ 'ಹೇಳು, ಕಾಕಾ ಅನ್ನು, ಹೇಳು' ಎಂದು ಪೀಡಿಸಬೇಡಿ. ಪರೀಕ್ಷೆಗೆ ಹೆದರಿದ ಕೂಸು ಇನ್ನೂ ಬಾಯಿ ಮುಚ್ಚುತ್ತದೆ.

ಹಾಡಿ. ದನಿ ಹೇಗಿದ್ದರೂ ಕೂಸಿಗೆ ಅದೇ ಇಂಪು. ಬಾದಾಮಿಯ ಬಂಡೆಯ ಮೇಲಿರುವ, ಕ್ರಿ.ಶ. ೭೦೦ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ನಮ್ಮ ಅವ್ವ–ಆಯಿಗಳು ಬೀಸುವಾಗ ಹಾಡಿದ್ದೂ ತ್ರಿಪದಿಯೇ. ಆ ಲಯದಲ್ಲಿ ಸಾಲಿನ ಕೊನೆಯ ಮಾತನ್ನು ಹೇಳದೆ ನಿಲ್ಲಿಸಿ ನೋಡಿ. ಕೇಳಿ ಕೇಳಿ ರೂಢಿಯಾದ ಕೂಸು ಅದನ್ನು ತುಂಬಲು ಬಾಯಿ ತೆರೆಯುತ್ತದೆ.

ಮನೆಯ ಭಾಷೆ ಯಾವುದೋ ಅದರಲ್ಲೇ ಮಾತಾಡಿ, ಕನ್ನಡವಿರಲಿ, ಉರ್ದು, ಲಂಬಾಣಿ, ಮರಾಠಿ ಇರಲಿ. ಎರಡು ಭಾಷೆ ಕೇಳಿದ್ದರಿಂದ ಕೂಸಿಗೆ ಮಾತು ತಡವಾಗುವುದಿಲ್ಲ. ಕಾನ್ವೆಂಟಿಗೆ ಹಾಕಬೇಕೆಂದು ನಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ 'ಕಮ್, ಸಿಟ್' ಎಂದು ಎರಡೇ ಪದಗಳಲ್ಲಿ ಮುಗಿಸುವುದಕ್ಕಿಂತ ತಾಯಿನುಡಿಯಲ್ಲಿ ನೂರು ಮಾತಾಡುವುದು ಮೇಲು.

ಎರಡರಿಂದ ಐದು ವರ್ಷದ ನಡುವೆ ಕೆಲವು ಮಕ್ಕಳು 'ನಾ... ನಾ... ನಾನು' ಎಂದು ತಡವರಿಸುತ್ತವೆ. ಹೆಚ್ಚಿನವರಲ್ಲಿ ಅದು ತಾನಾಗಿ ಹೋಗುತ್ತದೆ. 'ಸಾವಕಾಶ ಹೇಳು' ಎಂದು ಗದರದೆ, ವಾಕ್ಯ ನೀವೇ ಮುಗಿಸದೆ ಪೂರ್ತಿ ಕೇಳಿಸಿಕೊಳ್ಳಿ. ಆರು ತಿಂಗಳು ದಾಟಿದರೆ, ಮುಖ ಬಿಗಿದು ಕಷ್ಟಪಟ್ಟರೆ, ಮನೆತನದಲ್ಲಿ ತೊದಲುವವರಿದ್ದರೆ ತೋರಿಸಿ.

ಇನ್ನು ಮೊಬೈಲು. ಅದನ್ನು ಎದುರಿಗಿಟ್ಟು ಉಣಿಸುವುದು ಈಗ ಹಳ್ಳಿಗೂ ಬಂದಿದೆ. ಬಟ್ಟಲು ಖಾಲಿಯಾಗುತ್ತದೆ, ನಿಜ. ಆದರೆ ಕೂಸು ತುತ್ತನ್ನೂ ನೋಡುವುದಿಲ್ಲ, ತಾಯಿಯ ಮುಖವನ್ನೂ ನೋಡುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿ.ವಿ., ಮೊಬೈಲು ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲೇ ತಿಳಿಸಿದೆ. ಮೊಬೈಲು ಮಾತಾಡುತ್ತದೆ, ಕೂಸಿನ ಮಾತಿಗೆ ಉತ್ತರ ಕೊಡುವುದಿಲ್ಲ. ಮಾತು ಬರುವುದು ಕೊಟ್ಟು ತೆಗೆದುಕೊಳ್ಳುವುದರಿಂದ.

ಎಲ್ಲಿಗೆ ಹೋಗಬೇಕು?

ಮೊದಲ ಬಾಗಿಲು ನಿಮ್ಮ ಓಣಿಯ ಅಂಗನವಾಡಿ. ೨೦೧೩ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ ಅನ್ವಯಿಸುವ ಈ ಕಾರ್ಯಕ್ರಮದಲ್ಲಿ ಕಿವಿಯ ದೋಷ, ಸೀಳುತುಟಿ, ಮಾತಿನ ತಡ ಎಲ್ಲವೂ ಸೇರಿವೆ. ತಂಡ ಬರುವ ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಅವರನ್ನೋ ಕೇಳಿ, ಆ ದಿನ ಕೂಸನ್ನು ಊರಿಗೆ ಕಳಿಸಬೇಡಿ.

ಹುನಗುಂದ, ಇಳಕಲ್ಲು, ಬಾದಾಮಿಯವರು ತಮ್ಮ ಸರಕಾರಿ ಆಸ್ಪತ್ರೆಯಿಂದ ಚೀಟಿ ಪಡೆದು ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಬರಬಹುದು. ಈ ಕಾರ್ಯಕ್ರಮದ ಮಕ್ಕಳಿಗಾಗಿ ಜಿಲ್ಲೆಗೊಂದು ಡಿ.ಇ.ಐ.ಸಿ. ಎಂಬ ಕೇಂದ್ರ ಇರಬೇಕು, ಅಲ್ಲಿ ಮಾತು–ಕಿವಿಯ ತಜ್ಞರೂ ಇರಬೇಕು ಎಂಬುದು ನಿಯಮ. ಆ ಹೆಸರು ಹೇಳಿಯೇ ಕೇಳಿ. ನವನಗರದಲ್ಲೇ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಕಿವಿ–ಮೂಗು–ಗ��ಟಲಿನ ವಿಭಾಗಗಳಿವೆ. ೨೦೨೩ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಸರಕಾರಿ ಬಸ್ಸಿಗೆ ಟಿಕೀಟಿನ ಖರ್ಚಿಲ್ಲ. ಜಾತ್ರೆಗೆ ಹೋಗುವ ನಾವು ಕೂಸಿಗಾಗಿ ನವನಗರಕ್ಕೆ ಹೋಗಲಾರೆವೇ?

ಇನ್ನೂ ಮುಂದಕ್ಕೆ ಹೋಗಬೇಕಾದರೆ ಧಾರವಾಡವಿದೆ. ಅಲ್ಲಿ ಜೆ.ಎಸ್.ಎಸ್. ವಾಕ್ ಶ್ರವಣ ಸಂಸ್ಥೆ ಇದೆ, ಸತ್ತೂರಿನ ಎಸ್.ಡಿ.ಎಂ. ಸಂಸ್ಥೆಯಲ್ಲಿ ಸೀಳುತುಟಿ–ಅಂಗುಳದ ಶಸ್ತ್ರಚಿಕಿತ್ಸೆಯ ವಿಭಾಗ ಇದೆ.

ಎಲ್ಲಕ್ಕೂ ಹಿರಿಯದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ೧೯೬೫ರಲ್ಲಿ ಹುಟ್ಟಿದ ಈ ಕೇಂದ್ರ ಸರಕಾರದ ಸಂಸ್ಥೆಗೆ ೧೯೬೬ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್. ಕಿವಿ ಪರೀಕ್ಷೆ, ಮಾತಿನ ಚಿಕಿತ್ಸೆ, ನುಂಗುವ ತೊಂದರೆ, ಆಟಿಸಂ, ಸೀಳು ಅಂಗುಳ ಎಲ್ಲಕ್ಕೂ ಅಲ್ಲಿ ತಜ್ಞರಿದ್ದಾರೆ. ತಾಯಿ ಜೊತೆಗಿದ್ದು ಕಲಿಯುವ ಶಿಶುವಿಹಾರವೂ ಇದೆ. ಮೈಸೂರಿನಲ್ಲೇ ಕಿವುಡು ಮಕ್ಕಳ ಪೋಷಕರ ಸಂಘ ನಡೆಸುವ ತಾಯಂದಿರ ಶಾಲೆಯೂ ಉಂಟು. ದೂರದೂರುಗಳ ತಾಯಂದಿರು ಮಕ್ಕಳೊಂದಿಗೆ ಅಲ್ಲಿದ್ದು ಕಲಿಯುತ್ತಾರೆ, ಕಲಿಸುತ್ತಾರೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಬಾಗಲಕೋಟೆ, ಬಾದಾಮಿ ಎರಡರಲ್ಲೂ ನಿಂತು ಮೈಸೂರಿಗೇ ಹೋಗುತ್ತದೆ.

ಖಾಸಗಿಯವರ ಬಳಿ ಹೋಗುವುದಾದರೆ ಒಂದು ಎಚ್ಚರ. ಮಾತು–ಕಿವಿಯ ತಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕೆಂಬುದು ೧೯೯೨ರ ಕಾನೂನು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. 'ಹದಿನೈದು ದಿನದಾಗ ಮಾತ ಬರಸ್ತೀವಿ' ಎನ್ನುವವರಿಂದ ದೂರವಿರಿ.

ಖರ್ಚಿಗೆ ದಾರಿ

೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ೨೧ ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶ್ರವಣದೋಷ, ಮಾತು ಮತ್ತು ಭಾಷೆಯ ದೋಷ, ಆಟಿಸಂ, ಮಿದುಳಿನ ಪೆಟ್ಟಿನಿಂದಾದ ಅಂಗವೈಕಲ್ಯ ಎಲ್ಲವೂ ಅದರಲ್ಲಿವೆ. ವೈದ್ಯರ ಪ್ರಮಾಣಪತ್ರದಿಂದ ಯು.ಡಿ.ಐ.ಡಿ. ಕಾರ್ಡು ಮಾಡಿಸಿ, ಮಾಸಾಶನ, ಪ್ರಯಾಣದ ರಿಯಾಯಿತಿ, ಶಿಷ್ಯವೇತನಗಳಿಗೆ ಅದೇ ಕೀಲಿಕೈ. ಶ್ರವಣಯಂತ್ರಕ್ಕೆ ಕೇಂದ್ರದ ಎಡಿಪ್ ಯೋಜನೆ ಇದೆ. ಯಂತ್ರದಿಂದ ಪ್ರಯೋಜನವಾಗದ ಎಳೆಮಕ್ಕಳಿಗೆ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇಡುವ ದುಬಾರಿ ಚಿಕಿತ್ಸೆಗೂ ಎಡಿಪ್ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಲ್ಲಿ ನೆರವುಂಟು. ಇವಕ್ಕೆ ವಯಸ್ಸಿನ ಮಿತಿ ಇದೆ; ಇದೂ ತಡಮಾಡಬಾರದೆನ್ನುವುದಕ್ಕೆ ಇನ್ನೊಂದು ಕಾರಣ. ಆಟಿಸಂ, ಬುದ್ಧಿಮಾಂದ್ಯ, ಮಿದುಳಿನ ಪೆಟ್ಟಿನ ಮಕ್ಕಳಿಗೆ ನಿರಾಮಯ ಎಂಬ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ.

ಕಾರ್ಡು ಮಾಡಿಸಿದರೆ 'ಕೂಸಿಗೆ ಹೆಸರ ಕೆಡತೈತಿ, ನಾಳೆ ಹೆಣ್ಣ ಯಾರ ತೊಗೋತಾರ' ಎಂದು ಹೆದರುವವರಿದ್ದಾರೆ. ಹೆಸರು ಕೆಡುವುದು ಕಾರ್ಡಿನಿಂದಲ್ಲ, ಓಣಿಯವರೆಲ್ಲ 'ಮೂಗಿ', 'ಮೂಗ' ಎಂದು ಕರೆಯುವುದರಿಂದ. ಅದನ್ನು ನಿಲ್ಲಿಸುವ ಕೆಲಸ ಮನೆಯಿಂದಲೇ ಶುರುವಾಗಲಿ.

ತಾಯಿಗೆ, ಮತ್ತು ತಾಯಿಯ ಸುತ್ತ ಇರುವವರಿಗೆ

ಕೂಸಿಗೆ ಮಾತು ಬರಲಿಲ್ಲವೆಂದರೆ ಊರೆಲ್ಲ ಮೊದಲು ನೋಡುವುದು ತಾಯಿಯ ಕಡೆಗೆ. ಬಸಿರಿದ್ದಾಗ ಏನು ತಿಂದಳು, ಯಾರ ದೃಷ್ಟಿ ತಾಗಿತು, ಅವಳ ತವರಿನಲ್ಲಿ ಯಾರಿಗಾದರೂ ಹೀಗಿತ್ತೇ ಎಂದೆಲ್ಲ ಕೇಳುತ್ತಾರೆ. ಅತ್ತೆಯಂದಿರೇ, ನಾದಿನಿಯರೇ, ಈ ಪ್ರಶ್ನೆಗಳಿಂದ ಒಂದು ಮಾತೂ ಹುಟ್ಟುವುದಿಲ್ಲ. ಅದರ ಬದಲು ಸೊಸೆಗೆ, "ನಾಳೆ ರೊಟ್ಟಿ ನಾ ಬಡೀತೀನಿ, ನೀ ಕೂಸಿನ ಕರಕೊಂಡು ದವಾಖಾನಿಗೆ ಹೋಗಿ ಬಾರವಾ" ಎನ್ನಿ. ಗಂಡಸರೂ ಒಮ್ಮೆಯಾದರೂ ಜೊತೆಗೆ ಹೋಗಲಿ. ಚಿಕಿತ್ಸಕರು ಕಲಿಸಿದ್ದನ್ನು ಮನೆಯಲ್ಲಿ ಎಲ್ಲರೂ ಮಾಡಿದರೆ ಫಲ ಬೇಗ.

ಕೆಲವು ಮಕ್ಕಳಿಗೆ ಎಷ್ಟು ಕಲಿಸಿದರೂ ಬಾಯಿಮಾತು ಪೂರ್ತಿ ಬಾರದೆ ಇರಬಹುದು. ಆ ಮಕ್ಕಳಿಗೆ ಸನ್ನೆ ಇದೆ, ಚಿತ್ರ ತೋರಿಸಿ ಕೇಳುವ ಕ್ರಮ ಇದೆ. ಹಸಿವಾದಾಗ ಬಟ್ಟಲಿನ ಚಿತ್ರ ಮುಟ್ಟಿ ತೋರಿಸುವ ಕೂಸೂ ಮಾತಾಡುತ್ತಿರುವ ಕೂಸೇ. ಸನ್ನೆ ಕಲಿಸಿದರೆ ಬಾಯಿಮಾತು ನಿಂತುಹೋಗುತ್ತದೆ ಎಂಬ ಹೆದರಿಕೆಯೂ ಬೇಡ.

ಗೆಳತಿಯರೇ, ನಿಮ್ಮ ಮನೆಯಲ್ಲಿ ಇಂಥ ಕೂಸು ಇಲ್ಲದಿರಬಹುದು. ಆದರೆ ನಳದ ಹತ್ತಿರವೋ ಗಿರಣಿಯ ಸರದಿಯಲ್ಲೋ, ಎರಡು ವರ್ಷದ ಕೂಸನ್ನು ಸೊಂಟಕ್ಕೆ ಹೊತ್ತು 'ಇನ್ನೂ ಮಾತಿಲ್ಲ ನೋಡ್ರಿ' ಎಂದು ಸಣ್ಣ ದನಿಯಲ್ಲಿ ಹೇಳುವ ತಾಯಿ ನಿಮಗೆ ಸಿಕ್ಕೇ ಸಿಗುತ್ತಾಳೆ. ಅವಳಿಗೆ 'ಬಿಡವಾ, ಬರ್ತಾವ' ಎನ್ನಬೇಡಿ. 'ಕಿವಿ ತೋರಿಸೀ ಏನವಾ?' ಎಂದು ಕೇಳಿ.